ಕಾರು ಕಂಪನಿಯ ಷೇರು ವಿಭಜನೆಯಾದಾಗ: ದೀರ್ಘಕಾಲದ ಷೇರುದಾರರಿಗೊಂದು ಲೆಕ್ಕಪತ್ರದ ಕೈಪಿಡಿ

2024ರ ಜುಲೈ ತಿಂಗಳ ಒಂದು ಸಂಜೆ, ಧಾರವಾಡದ ನಮ್ಮ ಓಣಿಯಲ್ಲೇ ಇರುವ ನಿವೃತ್ತ ಮಾಸ್ತರರೊಬ್ಬರು ಮೊಬೈಲ್ ಹಿಡಿದುಕೊಂಡು ಮನೆಗೆ ಬಂದರು. ಆದಾಯ ತೆರಿಗೆ ರಿಟರ್ನ್ಸ್ ತುಂಬುವ ಕಾಲ. ಅವರು ಆ ವರ್ಷ ಟಾಟಾ ಮೋಟಾರ್ಸ್‌ನ 100 ಷೇರುಗಳನ್ನು ತಲಾ 900 ರೂಪಾಯಿಗೆ ಮಾರಿದ್ದರು. ಆ್ಯಪ್ ಮಾತ್ರ 20,000 ರೂಪಾಯಿ ನಷ್ಟ ಎಂದು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. "ಹದಿಮೂರು ವರ್ಷ ಇಟ್ಟುಕೊಂಡದ್ದಕ್ಕೆ ಇದೇ ಫಲವೇ?" ಎಂದರು. ಜೊತೆಗೆ ತಂದಿದ್ದ ಡೈರಿಯಲ್ಲಿ ಅವರದೇ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದಿತ್ತು: "ಅಕ್ಟೋಬರ್ 2010. ಟಾಟಾ ಮೋಟಾರ್ಸ್. 40 ಷೇರು. ದರ 1,100."

ತಪ್ಪು ಎಲ್ಲಿದೆ ಎಂದು ತಿಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಹಳೆಯ ಡಿಮ್ಯಾಟ್ ಖಾತೆಯಿಂದ (ಕಾಗದವಿಲ್ಲದೆ ಗಣಕದಲ್ಲೇ ಷೇರು ಇಡುವ ಖಾತೆ) ಹೊಸ ಖಾತೆಗೆ ಷೇರು ವರ್ಗಾಯಿಸಿಕೊಂಡಾಗ, ಕೊಂಡ ದರವನ್ನು ನಾವೇ ತುಂಬಬೇಕಾಗುತ್ತದೆ. ಮಾಸ್ತರರು ಡೈರಿ ನೋಡಿ 1,100 ಎಂದು ತುಂಬಿದ್ದರು. ನಡುವೆ 2011ರಲ್ಲಿ ಕಂಪನಿ ಒಂದು ಷೇರನ್ನು ಐದಾಗಿ ಒಡೆದಿತ್ತು. 40 ಷೇರು 200 ಆಗಿದ್ದವು, ದರ 220ಕ್ಕೆ ಇಳಿದಿತ್ತು. ಡೈರಿಗೆ ಅದು ಗೊತ್ತಿರಲಿಲ್ಲ. ಅವರಿಗೆ ನಿಜಕ್ಕೂ ಆಗಿದ್ದು 68,000 ರೂಪಾಯಿ ಲಾಭ.

ಷೇರು ವಿಭಜನೆಯಿಂದ ದೀರ್ಘಕಾಲದ ಹೂಡಿಕೆದಾರರಿಗೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ದುಡ್ಡಿಗೆ ಏನೂ ಆಗುವುದಿಲ್ಲ, ಲೆಕ್ಕಕ್ಕೆ ಬಹಳಷ್ಟು ಆಗುತ್ತದೆ. ಆ ಲೆಕ್ಕವನ್ನು ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಟಾಟಾ ಮೋಟಾರ್ಸ್‌ನ ಉದಾಹರಣೆ ಹಿಡಿದೇ ಹೇಳುತ್ತೇನೆ. ಈ ಒಂದು ಕಂಪನಿಯ ಷೇರುದಾರರು ಹದಿನೈದು ವರ್ಷಗಳಲ್ಲಿ ಬಗೆಬಗೆಯ ಮಾರ್ಪಾಡು ಕಂಡಿದ್ದಾರೆ.

ಮೊದಲು: ಒಡೆಯುವುದು ಏನನ್ನು?

ಒಡೆಯುವುದು ಮುಖಬೆಲೆಯನ್ನು. ಷೇರಿಗೆ ಎರಡು ಬೆಲೆ. ಕಾಗದದ ಮೇಲೆ ಅಚ್ಚಾದ ಮುಖಬೆಲೆ ಒಂದು, ಪೇಟೆಯಲ್ಲಿ ಕೈಬದಲಾಗುವ ಮಾರುಕಟ್ಟೆ ಬೆಲೆ ಇನ್ನೊಂದು. 2011ರ ಮೇ ತಿಂಗಳಲ್ಲಿ ಟಾಟಾ ಮೋಟಾರ್ಸ್‌ನ ಆಡಳಿತ ಮಂಡಳಿ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆಯಲು ಶಿಫಾರಸು ಮಾಡಿತು. ಆಗಸ್ಟ್‌ನ ಮಹಾಸಭೆ ಒಪ್ಪಿತು. ಸೆಪ್ಟೆಂಬರ್‌ನಲ್ಲಿ ಜಾರಿಯಾಯಿತು.

ಹೊಲ ಇರುವವರಿಗೆ ಇದನ್ನು ಹೇಳುವುದು ಸುಲಭ. ಐದು ಎಕರೆಯ ಒಂದು ಸರ್ವೆ ನಂಬರ್ ಪೋಡಿಯಾಗಿ ಐದು ಹಿಸ್ಸೆಯಾದರೆ ಹೊಲ ಬೆಳೆಯುವುದಿಲ್ಲ. ಬದು ಹೆಚ್ಚುತ್ತದೆ, ಪಹಣಿ ಹೆಚ್ಚುತ್ತದೆ. ಹಳೆಯ ಪಹಣಿ ಹಿಡಿದುಕೊಂಡು ಹೋದವನು ನೋಂದಣಿ ಕಚೇರಿಯಲ್ಲಿ ಪೇಚಾಡುತ್ತಾನೆ. ಷೇರಿನಲ್ಲೂ ಹಾಗೆಯೇ. ಮುಖಬೆಲೆ ಬದಲಾದ ಕೂಡಲೇ ಆ ಷೇರಿನ ಗುರುತಿನ ಸಂಖ್ಯೆ, ಅಂದರೆ ಐಎಸ್‌ಐಎನ್ ಸಹ ಬದಲಾಗುತ್ತದೆ. ಹಳೆಯ ಸಂಖ್ಯೆಯ 40 ಷೇರು ಖಾತೆಯಿಂದ ಮಾಯವಾಗಿ ಹೊಸ ಸಂಖ್ಯೆಯ 200 ಷೇರು ಬಂದು ಕೂರುತ್ತವೆ.

ಬೋನಸ್ ಷೇರು ನೋಡಲು ಇದರಂತೆಯೇ ಇರುತ್ತದೆ, ಆದರೆ ಬೇರೆ. ಬೋನಸ್‌ನಲ್ಲಿ ಮುಖಬೆಲೆ ಹಾಗೆಯೇ ಉಳಿಯುತ್ತದೆ. ಕಂಪನಿ ತನ್ನ ಮೀಸಲು ನಿಧಿಯನ್ನು ಬಂಡವಾಳವಾಗಿ ಪರಿವರ್ತಿಸಿ ಹೊಸ ಷೇರು ಕೊಡುತ್ತದೆ. ಪೇಟೆಯ ಬೆಲೆ ಎರಡರಲ್ಲೂ ಇಳಿಯುತ್ತದೆ, ಸಂಖ್ಯೆ ಎರಡರಲ್ಲೂ ಏರುತ್ತದೆ. ತೆರಿಗೆ ಇಲಾಖೆ ಮಾತ್ರ ಇವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಅದನ್ನು ಮುಂದೆ ನೋಡೋಣ, ಏಕೆಂದರೆ ಜನ ಎಡವುವುದೇ ಅಲ್ಲಿ.

ಹಂತ 1: ಪ್ರಕಟಣೆ ಬಂದ ದಿನ ಓದಬೇಕಾದ ಮೂರು ಸಾಲು

ಕಂಪನಿ ಎರಡೂ ಷೇರು ವಿನಿಮಯ ಕೇಂದ್ರಗಳಿಗೆ ಕಳುಹಿಸುವ ಪತ್ರದಲ್ಲಿ ಹಳೆಯ ಮುಖಬೆಲೆ, ಹೊಸ ಮುಖಬೆಲೆ ಮತ್ತು ರೆಕಾರ್ಡ್ ದಿನಾಂಕ (ಆ ದಿನ ಷೇರು ಯಾರ ಖಾತೆಯಲ್ಲಿದೆಯೋ ಅವರದೇ ಒಡೆಯುತ್ತದೆ) ನೋಡಿಕೊಳ್ಳಿ. ರೆಕಾರ್ಡ್ ದಿನಾಂಕ ಸಾಮಾನ್ಯವಾಗಿ ಮೊದಲ ದಿನವೇ ಬರುವುದಿಲ್ಲ, ಷೇರುದಾರರ ಒಪ್ಪಿಗೆಯ ನಂತರ ಬರುತ್ತದೆ. ಅಂಚೆ ಮತ ಅಥವಾ ಇ-ಮತದಾನಕ್ಕೆ ನಿಮಗೂ ಮಿಂಚಂಚೆ ಬರುತ್ತದೆ. ಮತ ಹಾಕಿದರೆ ಒಳ್ಳೆಯದು, ಹಾಕದಿದ್ದರೂ ನಿಮ್ಮ ಪಾಲಿನ ಷೇರು ಬಂದೇ ಬರುತ್ತದೆ.

ಈಗ ವಹಿವಾಟು ನಡೆದ ಮರುದಿನವೇ ಷೇರು ಖಾತೆಗೆ ಬರುವುದರಿಂದ, ರೆಕಾರ್ಡ್ ದಿನಾಂಕಕ್ಕೆ ಕನಿಷ್ಠ ಒಂದು ವಹಿವಾಟಿನ ದಿನ ಮೊದಲು ಕೊಂಡಿರಬೇಕು. ಆ ದಿನವೇ ಕೊಂಡವನಿಗೆ ಒಡೆದ ಷೇರು ಒಡೆದ ಬೆಲೆಗೆ ಸಿಗುತ್ತದೆ. ಅದರಿಂದ ಅವನಿಗೇನೂ ನಷ್ಟವಿಲ್ಲ. "ಒಡೆಯುವುದರೊಳಗೆ ಕೊಂಡುಬಿಡಿ, ಒಂದಕ್ಕೆ ಐದು ಸಿಗುತ್ತದೆ" ಎಂದು ಸಂದೇಶ ಕಳುಹಿಸುವವರ ಮಾತಿಗೆ ಬೆಲೆ ಕೊಡಬೇಡಿ. ಐನೂರರ ನೋಟು ಕೊಟ್ಟು ನೂರರ ಐದು ನೋಟು ತಂದವನನ್ನು ಯಾರೂ ಶ್ರೀಮಂತನಾದ ಎನ್ನುವುದಿಲ್ಲ.

ಹಂತ 2: ಡೈರಿಯಲ್ಲಿ ಇಂದೇ ಒಂದು ಸಾಲು

ರೆಕಾರ್ಡ್ ದಿನಾಂಕದ ಹಿಂದಿನ ಸಂಜೆ, ಡಿಮ್ಯಾಟ್ ಖಾತೆಯ ವಿವರವನ್ನು ಇಳಿಸಿಕೊಂಡು ಇಟ್ಟುಕೊಳ್ಳಿ. ಆಮೇಲೆ ಡೈರಿಯಲ್ಲಿ ಪ್ರತಿಯೊಂದು ಖರೀದಿಗೂ ಬೇರೆ ಸಾಲು ಬರೆಯಿರಿ. ಮಾಸ್ತರರಿಗೆ ನಾನು ಬರೆದುಕೊಟ್ಟದ್ದು ಹೀಗಿತ್ತು:

ಅಕ್ಟೋಬರ್ 2010: 40 ಷೇರು, ಮುಖಬೆಲೆ 10, ದರ 1,100, ಒಟ್ಟು 44,000.
ಸೆಪ್ಟೆಂಬರ್ 2011, ವಿಭಜನೆ 10ರಿಂದ 2ಕ್ಕೆ: 200 ಷೇರು, ಮುಖಬೆಲೆ 2, ದರ 220, ಒಟ್ಟು 44,000.

ಕೊನೆಯ ಅಂಕಣ ಎರಡು ಸಾಲಿನಲ್ಲೂ ಒಂದೇ ಇರಬೇಕು. ಒಂದೇ ಇಲ್ಲದಿದ್ದರೆ ಎಲ್ಲೋ ಭಾಗಾಕಾರ ತಪ್ಪಿದೆ. ಬೇರೆ ಬೇರೆ ವರ್ಷ ಬೇರೆ ಬೇರೆ ದರಕ್ಕೆ ಕೊಂಡಿದ್ದರೆ ಎಲ್ಲವನ್ನೂ ಕಲಸಿ ಸರಾಸರಿ ತೆಗೆಯಬೇಡಿ. ಒಂದೇ ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದ ಷೇರೇ ಮೊದಲು ಮಾರಾಟವಾಯಿತು ಎಂದು ತೆರಿಗೆ ಕಾನೂನು ಎಣಿಸುತ್ತದೆ. ಆದ್ದರಿಂದ ಪ್ರತಿ ಖೇಪಿನ ತಾರೀಖೂ ಬೇಕು.

ಬ್ರೋಕರ್ ಕೊಟ್ಟ ಹಳೆಯ ಕಾಂಟ್ರ್ಯಾಕ್ಟ್ ನೋಟನ್ನು, ಅಂದರೆ ಖರೀದಿಯ ಚೀಟಿಯನ್ನು, ಎಸೆಯಬೇಡಿ. ಅದರಲ್ಲಿ 1,100 ಎಂದೇ ಇರುತ್ತದೆ, ಇಂದಿನ ಯಾವ ನಕ್ಷೆಯಲ್ಲೂ 2010ರ ದರವಾಗಿ ಆ ಸಂಖ್ಯೆ ಕಾಣುವುದಿಲ್ಲ. ಬೆಲೆಯ ನಕ್ಷೆ ತೋರಿಸುವ ತಾಣಗಳು ವಿಭಜನೆಯ ಹಿಂದಿನ ದರಗಳನ್ನೂ ಐದರಿಂದ ಭಾಗಿಸಿಯೇ ತೋರಿಸುತ್ತವೆ. 2010ರಲ್ಲಿ ಟಾಟಾ ಮೋಟಾರ್ಸ್ 220 ರೂಪಾಯಿ ಇತ್ತು ಎಂದು ನಕ್ಷೆ ಹೇಳಿದರೆ, ಆ ಬೆಲೆಗೆ ಅಂದು ಯಾರೂ ಕೊಂಡಿರಲಿಲ್ಲ ಎಂಬುದು ನೆನಪಿರಲಿ. ನಿಮ್ಮ ನೋಟಿನಲ್ಲಿರುವ ದರ, ನಕ್ಷೆಯ ದರ ಎರಡೂ ನಿಜವೇ, ಅಳತೆಗೋಲು ಮಾತ್ರ ಬೇರೆ.

ಹಂತ 3: ಆ ಬೆಳಗ್ಗೆ ಆ್ಯಪ್ ನೋಡಿ ಗಾಬರಿಯಾಗಬೇಡಿ

ರೆಕಾರ್ಡ್ ದಿನಾಂಕದ ಬೆಳಗ್ಗೆ ಬೆಲೆ ಐದನೇ ಒಂದಕ್ಕೆ ಇಳಿದಿರುತ್ತದೆ, ಹೊಸ ಷೇರು ಖಾತೆಯಲ್ಲಿ ಇನ್ನೂ ಕಾಣದೆ ಇರಬಹುದು. ಹಳೆಯ ಸಂಖ್ಯೆಯನ್ನು ಹೊಸ ಬೆಲೆಯಿಂದ ಗುಣಿಸಿ ಆ್ಯಪ್ ಶೇ 80ರಷ್ಟು ನಷ್ಟ ತೋರಿಸುತ್ತದೆ. ಒಂದೆರಡು ದಿನದಲ್ಲಿ ಸರಿಯಾಗುತ್ತದೆ. ಅಷ್ಟರೊಳಗೆ ಬ್ರೋಕರ್‌ಗೆ ಫೋನ್ ಮಾಡಿ ಕೂಗಾಡಿದವರನ್ನು ಬಲ್ಲೆ. ನನ್ನ ಸೋದರಮಾವ ಅವರಲ್ಲೊಬ್ಬರು.

ಆ ದಿನ ಮಾಡಬೇಕಾದ ಕೆಲಸ ಒಂದಿದೆ. ಇಂತಿಷ್ಟು ಬೆಲೆಗೆ ಬಂದರೆ ಮಾರು, ಇಷ್ಟಕ್ಕಿಳಿದರೆ ಮಾರು ಎಂದು ಮೊದಲೇ ಹಾಕಿಟ್ಟ ದೀರ್ಘಾವಧಿಯ ಆದೇಶಗಳಿದ್ದರೆ ಅವು ಹಳೆಯ ಬೆಲೆಯ ಮೇಲೆ ನಿಂತಿರುತ್ತವೆ. ಹಿಂದಿನ ದಿನವೇ ನೀವೇ ಅವನ್ನು ತೆಗೆದುಹಾಕಿ, ಹೊಸ ಷೇರು ಬಂದ ಮೇಲೆ ಹೊಸ ಬೆಲೆಗೆ ಹಾಕಿಕೊಳ್ಳಿ. ಬ್ರೋಕರ್ ತಾನಾಗಿ ರದ್ದು ಮಾಡಿರುತ್ತಾನೆ ಎಂದು ನಂಬಿ ಕೂರುವುದಕ್ಕಿಂತ ಇದು ವಾಸಿ.

ವಾರದ ನಂತರ ಡಿಮ್ಯಾಟ್ ವಿವರ ಮತ್ತೆ ಇಳಿಸಿ. ಷೇರಿನ ಸಂಖ್ಯೆ ಸರಿಯಾಗಿದೆಯೇ, ಕೊಂಡ ದರ 220 ಆಗಿದೆಯೇ ನೋಡಿ. ಮೊದಲನೆಯದು ತಪ್ಪುವುದು ಅಪರೂಪ, ಎರಡನೆಯದು ತಪ್ಪುವುದು ಮಾಮೂಲು. ಅದರಲ್ಲೂ ಖಾತೆ ಬದಲಿಸಿದವರಿಗೆ, ಉಡುಗೊರೆಯಾಗಿ ಪಡೆದವರಿಗೆ, ತೀರಿಕೊಂಡವರಿಂದ ಬಂದ ಷೇರು ಇರುವವರಿಗೆ.

ಹಂತ 4: ಲಾಭಾಂಶವನ್ನು ರೂಪಾಯಿಯಲ್ಲಿ ಎಣಿಸಿ

ಟಾಟಾ ಮೋಟಾರ್ಸ್ 2010-11ನೇ ಸಾಲಿಗೆ ಷೇರಿಗೆ 20 ರೂಪಾಯಿ ಲಾಭಾಂಶ ಕೊಟ್ಟಿತು. ಮರುವರ್ಷ ಷೇರಿಗೆ 4 ರೂಪಾಯಿ. ಕಂಪನಿ ಲಾಭಾಂಶವನ್ನು ಐದನೇ ಒಂದಕ್ಕೆ ಇಳಿಸಿತು ಎಂದು ಅಂದು ಗೊಣಗಿದವರಿದ್ದರು. ಮಾಸ್ತರರ ಲೆಕ್ಕ ನೋಡಿ: 40 ಷೇರಿಗೆ 20ರಂತೆ 800 ರೂಪಾಯಿ, 200 ಷೇರಿಗೆ 4ರಂತೆ ಅದೇ 800 ರೂಪಾಯಿ. ಮುಖಬೆಲೆಯ ಮೇಲೆ ನೋಡಿದರೂ ಎರಡೂ ವರ್ಷ ಶೇ 200.

ಈ ಶೇಕಡಾ ಲೆಕ್ಕವೇ ಒಂದು ಮೋಡಿ. ಲಾಭಾಂಶದ ಶೇಕಡಾವಾರು ಮುಖಬೆಲೆಯ ಮೇಲೆ ಹೇಳುವಂಥದ್ದು, ನೀವು ಕೊಟ್ಟ ಬೆಲೆಯ ಮೇಲಲ್ಲ. ಶೇ 200 ಎಂಬ ತಲೆಬರಹ ಕೇಳಲು ಭರ್ಜರಿಯಾಗಿದೆ. 44,000 ಹೂಡಿದವರಿಗೆ 800 ಬಂತು ಎಂದು ಬರೆದುಕೊಂಡರೆ ವಾಸ್ತವ ಕಾಣುತ್ತದೆ.

ಈ ಕಂಪನಿಯಲ್ಲಿ ಇನ್ನೊಂದು ಬಗೆಯ ಷೇರು ಇತ್ತು, ಡಿವಿಆರ್ ಎಂದು. ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡ 2008ರಲ್ಲೇ ಹೊರಡಿಸಿದ್ದು. ಹತ್ತು ಷೇರಿಗೆ ಒಂದು ಮತ, ಅದಕ್ಕೆ ಬದಲಾಗಿ ಲಾಭಾಂಶದಲ್ಲಿ ಐದು ಶೇಕಡಾ ಅಂಶ ಹೆಚ್ಚು. ಹೆಚ್ಚು ಎಂದರೆ ಎಷ್ಟು? ಅದೂ ಮುಖಬೆಲೆಯ ಮೇಲೆ. ವಿಭಜನೆಗೆ ಮೊದಲು ಷೇರಿಗೆ 50 ಪೈಸೆ, ನಂತರ 10 ಪೈಸೆ. 2024ರಲ್ಲಿ ಆ ಡಿವಿಆರ್ ರದ್ದಾಗಿ ಹತ್ತು ಡಿವಿಆರ್‌ಗೆ ಏಳು ಸಾಮಾನ್ಯ ಷೇರು ಬಂದವು. ಅವು ನಿಮ್ಮಲ್ಲಿದ್ದರೆ ಡೈರಿಯಲ್ಲಿ ಅವಕ್ಕೆ ಬೇರೆಯೇ ಪುಟ ಬೇಕು. ಅದು ವಿಭಜನೆಯಲ್ಲ, ಅದರ ತೆರಿಗೆಯ ದಾರಿಯೂ ಬೇರೆ.

ಮತದ ಬಗ್ಗೆ ಒಂದೇ ಮಾತು: 40 ಮತ 200 ಆಗುತ್ತದೆ, ಎಲ್ಲರದೂ ಐದು ಪಟ್ಟಾಗುತ್ತದೆ, ನಿಮ್ಮ ಪಾಲು ಇದ್ದಲ್ಲೇ ಇರುತ್ತದೆ.

ಹಂತ 5: ಮಾರುವಾಗ ತೆರಿಗೆ

ವಿಭಜನೆಯಾದ ದಿನ ತೆರಿಗೆ ಇಲ್ಲ. ಒಡೆದ ಷೇರಿನ ಕೊಂಡ ದಿನಾಂಕ ಮೂಲ ಷೇರಿನದೇ, ಅಂದರೆ ಮಾಸ್ತರರ 200 ಷೇರಿನ ವಯಸ್ಸು 2010ರ ಅಕ್ಟೋಬರ್‌ನಿಂದಲೇ ಎಣಿಕೆ. ವಿನಿಮಯ ಕೇಂದ್ರದಲ್ಲಿ ನೋಂದಾಯಿತ ಷೇರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ದೀರ್ಘಾವಧಿ ಬಂಡವಾಳ ಗಳಿಕೆ. 2024ರ ಜುಲೈ 23ರಿಂದ ಇದಕ್ಕೆ ಶೇ 12.5 ತೆರಿಗೆ, ವರ್ಷಕ್ಕೆ 1.25 ಲಕ್ಷದವರೆಗಿನ ಗಳಿಕೆಗೆ ವಿನಾಯಿತಿ. ಅದಕ್ಕಿಂತ ಕಡಿಮೆ ಅವಧಿಯದಾದರೆ ಶೇ 20.

2018ರ ಜನವರಿ 31ರವರೆಗೆ ಕೊಂಡವರಿಗೆ ಒಂದು ರಿಯಾಯಿತಿ ಇದೆ, ಬಹಳ ಜನ ಅದನ್ನು ಮರೆಯುತ್ತಾರೆ. ಆ ದಿನದ ಗರಿಷ್ಠ ಬೆಲೆ ಮತ್ತು ಮಾರಿದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ತೆಗೆದುಕೊಳ್ಳಿ. ಅದು ನೀವು ಕೊಂಡ ದರಕ್ಕಿಂತ ಹೆಚ್ಚಿದ್ದರೆ ಅದೇ ನಿಮ್ಮ ಖರೀದಿ ದರ ಎಂದು ತೋರಿಸಬಹುದು. ಲೆಕ್ಕ ಸುಲಭವಾಗಲೆಂದು ಟಾಟಾ ಮೋಟಾರ್ಸ್‌ಗೆ ಆ ದಿನದ ಬೆಲೆ 400 ಎಂದು ಹಿಡಿಯೋಣ. ಮಾರಿದ್ದು 900ಕ್ಕೆ. 400 ಮತ್ತು 900ರಲ್ಲಿ ಕಡಿಮೆಯದು 400. ಅದು 220ಕ್ಕಿಂತ ಹೆಚ್ಚು. ಆದ್ದರಿಂದ ತೆರಿಗೆಗೆ ಲೆಕ್ಕ ಹಿಡಿಯುವ ಲಾಭ ಷೇರಿಗೆ 500, ನೂರು ಷೇರಿಗೆ 50,000. 68,000 ಅಲ್ಲ. ಆ್ಯಪ್ ಹೇಳಿದ ನಷ್ಟವಂತೂ ಅಲ್ಲವೇ ಅಲ್ಲ.

ಲಾಭ ವಿನಾಯಿತಿಯ ಮಿತಿಯೊಳಗೇ ಇದ್ದದ್ದರಿಂದ ಮಾಸ್ತರರು ತೆರಿಗೆ ಕಟ್ಟಬೇಕಾಗಲಿಲ್ಲ. ಹಾಗಾದರೆ ತಪ್ಪು ಲೆಕ್ಕದಿಂದ ಏನು ತೊಂದರೆ ಎಂದು ಕೇಳಿದರು. ಇಲ್ಲದ 20,000 ನಷ್ಟವನ್ನು ಬೇರೆ ಲಾಭದಲ್ಲಿ ಕಳೆದು ತೋರಿಸಿದ್ದರೆ, ಮುಂದಿನ ವರ್ಷಗಳಿಗೆ ಎಳೆದುಕೊಂಡು ಹೋಗಿದ್ದರೆ, ಇಲಾಖೆಯ ನೋಟಿಸ್ ಬಂದಾಗ ಕಾಂಟ್ರ್ಯಾಕ್ಟ್ ನೋಟಿನ 40 ಎಂಬ ಅಂಕಿಯೇ ಅವರ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ವಿಭಜನೆ 2018ರ ಜನವರಿಯ ನಂತರ ಆಗಿದ್ದರೆ ಆ ದಿನದ ಬೆಲೆಯನ್ನೂ ಭಾಗಿಸಬೇಕು. ಕಾರಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು ರಾಯಲ್ ಎನ್‌ಫೀಲ್ಡ್ ಬೈಕಿನ ಐಷರ್ ಮೋಟಾರ್ಸ್ ನೋಡಿ. 2020ರ ಆಗಸ್ಟ್‌ನಲ್ಲಿ 10 ರೂಪಾಯಿಯ ಷೇರು 1 ರೂಪಾಯಿಯ ಹತ್ತು ಷೇರಾಯಿತು. 2018ರ ಆ ದಿನ ಅದರ ಬೆಲೆ 26,000 ಮೀರಿತ್ತು. ಆ ಸಂಖ್ಯೆಯನ್ನು ಹಾಗೆಯೇ ಇಂದಿನ ಒಡೆದ ಷೇರಿಗೆ ಹಾಕಿದರೆ ಲೆಕ್ಕ ಹಾಸ್ಯಾಸ್ಪದವಾಗುತ್ತದೆ. ಹತ್ತರಿಂದ ಭಾಗಿಸಿ.

ಈಗ ಬೋನಸ್. ಬೋನಸ್ ಷೇರಿನ ಖರೀದಿ ದರ ಸೊನ್ನೆ, ವಯಸ್ಸು ಹಂಚಿಕೆಯಾದ ದಿನದಿಂದ. 2025ರ ಜುಲೈನಲ್ಲಿ ಅಶೋಕ್ ಲೇಲ್ಯಾಂಡ್ ಒಂದಕ್ಕೊಂದು ಬೋನಸ್ ಕೊಟ್ಟಿತು. ಇಪ್ಪತ್ತು ವರ್ಷದಿಂದ ಆ ಷೇರು ಇಟ್ಟುಕೊಂಡವರಿಗೂ ಬೋನಸ್ ಬಂದ ಅರ್ಧ ಭಾಗ ಹೊಚ್ಚ ಹೊಸದು. ವರ್ಷ ತುಂಬುವ ಮೊದಲು ಅದನ್ನು ಮಾರಿದರೆ ಸಿಕ್ಕ ಹಣವೆಲ್ಲ ಅಲ್ಪಾವಧಿಯ ಲಾಭ. ವಿಭಜನೆಯಾಗಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ.

ಮಹೀಂದ್ರಾ ಅಂಡ್ ಮಹೀಂದ್ರಾದಲ್ಲಿ ಎರಡೂ ಬೆರೆತಿವೆ. 2005ರಲ್ಲಿ ಒಂದಕ್ಕೊಂದು ಬೋನಸ್, 2010ರಲ್ಲಿ 10 ರೂಪಾಯಿಯಿಂದ 5ಕ್ಕೆ ವಿಭಜನೆ, 2017ರ ಡಿಸೆಂಬರ್‌ನಲ್ಲಿ ಮತ್ತೆ ಒಂದಕ್ಕೊಂದು ಬೋನಸ್. 2005ರ ಆರಂಭದಲ್ಲಿ 100 ಷೇರು ಇದ್ದವರ ಬಳಿ ಇಂದು 800. ಅವುಗಳಲ್ಲಿ ಬೋನಸ್ ಮೂಲದವುಗಳ ದರ ಸೊನ್ನೆ ಎಂದು ಬೆದರಿ ಕೆಲವರು ಪೂರ್ತಿ ಹಣಕ್ಕೆ ತೆರಿಗೆ ಕಟ್ಟಿಬಿಡುತ್ತಾರೆ. ಬೇಕಿಲ್ಲ. ಮೂರೂ ಬದಲಾವಣೆ 2018ರ ಜನವರಿ 31ಕ್ಕೆ ಮೊದಲೇ ಆದವು, ಹಾಗಾಗಿ ಆ ದಿನದ ಬೆಲೆಯ ರಿಯಾಯಿತಿ ಬೋನಸ್ ಷೇರಿಗೂ ಸಿಗುತ್ತದೆ.

ಹಂತ 6: ಇಳಿಕೆಗಳೆಲ್ಲ ವಿಭಜನೆಯಲ್ಲ

2025ರ ಅಕ್ಟೋಬರ್ 14ರ ಬೆಳಗ್ಗೆ ಮಾಸ್ತರರು ಮತ್ತೆ ಬಂದರು. ಹಿಂದಿನ ಸಂಜೆ 660ರ ಆಸುಪಾಸು ಇದ್ದ ಟಾಟಾ ಮೋಟಾರ್ಸ್ ಅಂದು 400ಕ್ಕೆ ಬಂದಿತ್ತು. "ಮತ್ತೆ ಒಡೆದರೇನು?" ಎಂದು ಕೇಳಿದರು. ಈ ಸಲ ಒಡೆದದ್ದು ಷೇರಲ್ಲ, ಕಂಪನಿ. ಕಾರಿನ ವ್ಯವಹಾರ ಒಂದು ಕಡೆ, ಲಾರಿ ಬಸ್ಸಿನ ವ್ಯವಹಾರ ಇನ್ನೊಂದು ಕಡೆ. ಪ್ರತಿ ಷೇರಿಗೆ ವಾಣಿಜ್ಯ ವಾಹನ ಕಂಪನಿಯ ಒಂದು ಷೇರು ಬೇರೆಯಾಗಿ ಬಂತು, ನವೆಂಬರ್‌ನಲ್ಲಿ ಪೇಟೆಯಲ್ಲಿ ನೋಂದಣಿಯಾಯಿತು. ಹೆಸರಿನ ಗೊಂದಲ ಬೇರೆ: ಕಾರಿನ ಕಂಪನಿ ಟಾಟಾ ಮೋಟಾರ್ಸ್ ಪ್ಯಾಸೆಂಜರ್ ವೆಹಿಕಲ್ಸ್ ಆಯಿತು, ಹಳೆಯ ಟಾಟಾ ಮೋಟಾರ್ಸ್ ಎಂಬ ಹೆಸರು ಲಾರಿ ಕಂಪನಿಗೆ ಹೋಯಿತು.

ಪೋಡಿಗೂ ಮನೆ ಪಾಲಾಗುವುದಕ್ಕೂ ಇರುವ ವ್ಯತ್ಯಾಸ ಇದು. ವಿಭಜನೆಯಲ್ಲಿ ದರವನ್ನು ಮುಖಬೆಲೆಯ ಅನುಪಾತದಲ್ಲಿ ಭಾಗಿಸಿದರೆ ಸಾಕು. ಕಂಪನಿ ಬೇರ್ಪಟ್ಟಾಗ ಖರೀದಿ ವೆಚ್ಚವನ್ನು ಕಂಪನಿ ಪ್ರಕಟಿಸುವ ಶೇಕಡಾ ಪ್ರಕಾರ ಹಂಚಬೇಕು. ಇಲ್ಲಿ ಕಾರಿನ ಕಂಪನಿಗೆ ಶೇ 68.85, ವಾಣಿಜ್ಯ ವಾಹನಕ್ಕೆ ಶೇ 31.15. ಮಾಸ್ತರರ ಬಳಿ ಉಳಿದಿದ್ದ 100 ಷೇರಿನ ಮೂಲ ವೆಚ್ಚ 22,000. ಡೈರಿಯಲ್ಲಿ ಹೊಸ ಎರಡು ಸಾಲು ಬಂದವು:

ಕಾರು: 100 ಷೇರು, ದರ 151.47, ಒಟ್ಟು 15,147.
ಲಾರಿ, ಬಸ್ಸು: 100 ಷೇರು, ದರ 68.53, ಒಟ್ಟು 6,853.

ಎರಡನ್ನೂ ಕೂಡಿಸಿದರೆ 22,000. ಮಾಸ್ತರರು ಪೆನ್ಸಿಲ್ ಹಿಡಿದು ಕೂಡಿಸಿಯೇ ನಂಬಿದರು. ಎರಡೂ ಷೇರಿನ ವಯಸ್ಸು 2010ರಿಂದಲೇ. 2018ರ ಬೆಲೆಯ ರಿಯಾಯಿತಿಯನ್ನು ಇವುಗಳಿಗೆ ಹಂಚುವ ಲೆಕ್ಕ ಸ್ವಲ್ಪ ನಾಜೂಕು, ಮಾರುವ ವರ್ಷ ಲೆಕ್ಕ ಪರಿಶೋಧಕರಿಗೆ ತೋರಿಸಿ. ಅಂದಹಾಗೆ ನಮ್ಮ ಧಾರವಾಡದಲ್ಲೇ ಟಾಟಾ ಮೋಟಾರ್ಸ್ ಕಾರ್ಖಾನೆ ಇದೆ, ಬಸ್ಸು ತಯಾರಾಗುತ್ತದೆ. ಊರಿನ ಕಾರ್ಖಾನೆಯ ಪಾಲು ಯಾವ ಷೇರಿನಲ್ಲಿ ಉಳಿಯಿತು ಎಂಬುದೇ ಮಾಸ್ತರರ ಮುಂದಿನ ಪ್ರಶ್ನೆಯಾಗಿತ್ತು. ಎರಡನೆಯದರಲ್ಲಿ ಎಂದೆ. ಅದನ್ನು ಮಾರುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದರು. ಹೂಡಿಕೆಗೆ ಇದು ಸರಿಯಾದ ಕಾರಣವೇ ಎಂದು ನಾನು ವಾದಿಸಲು ಹೋಗಲಿಲ್ಲ.

ಹಂತ 7: ಒಡೆದದ್ದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳುವ ಮುನ್ನ

ಒಡೆದ ಷೇರು ಏರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಅಮೆರಿಕದ ಟೆಸ್ಲಾ 2020ರ ಆಗಸ್ಟ್ 11ರಂದು ಒಂದಕ್ಕೆ ಐದು ಎಂದು ಪ್ರಕಟಿಸಿದಾಗ ಷೇರು ಸುಮಾರು 1,374 ಡಾಲರ್ ಇತ್ತು. ಮೂರು ವಾರದೊಳಗೆ, ವಿಭಜನೆಯ ಹೊತ್ತಿಗೆ, 2,213 ಆಗಿತ್ತು. ಅದನ್ನು ನೋಡಿದವರು 2022ರ ಆಗಸ್ಟ್‌ನಲ್ಲಿ ಒಂದಕ್ಕೆ ಮೂರು ಎಂದಾಗ ಅದೇ ಆಟವನ್ನು ನಿರೀಕ್ಷಿಸಿದರು. ಆ ಸಲ ಒಡೆದ ಮೇಲೆ 296 ಡಾಲರ್ ಇದ್ದ ಷೇರು ವರ್ಷಾಂತ್ಯಕ್ಕೆ 123ಕ್ಕೆ ಇಳಿಯಿತು. 2010ರಲ್ಲಿ 17 ಡಾಲರ್‌ಗೆ ಕೊಂಡವರ ಒಂದು ಷೇರು ಈಗ ಹದಿನೈದು, ದರ 1.13 ಡಾಲರ್. ಅವರಿಗೆ ಲಾಭ ತಂದದ್ದು ಕಾರು ಮಾರಾಟ ಮತ್ತು ಅದರ ಮೇಲಿನ ಪೇಟೆಯ ಭರವಸೆ.

ನಮ್ಮಲ್ಲೇ ನೋಡಿ. ಮಾರುತಿ 2003ರಲ್ಲಿ 125 ರೂಪಾಯಿಗೆ ಸಾರ್ವಜನಿಕರಿಗೆ ಷೇರು ಕೊಟ್ಟಿತು, ಮುಖಬೆಲೆ 5. ಆಮೇಲೆ ಒಮ್ಮೆಯೂ ಒಡೆಯದೆ 10,000 ದಾಟಿತು. ಒಡೆದ ಟಾಟಾ ಮೋಟಾರ್ಸ್ 2020ರ ಮಾರ್ಚ್‌ನಲ್ಲಿ 70 ರೂಪಾಯಿಗಿಂತ ಕೆಳಗಿತ್ತು, 2024ರಲ್ಲಿ 1,100 ದಾಟಿತು. ಟಾಟಾ ಮೋಟಾರ್ಸ್‌ನ ಆ ಎರಡೂ ದರದ ಹೊತ್ತಿಗೆ ಮುಖಬೆಲೆ ಅದೇ 2 ರೂಪಾಯಿ.

ಹಾಗಾದರೆ ಒಡೆಯುವುದೇಕೆ? ಜಪಾನಿನಲ್ಲಿ ಗಟ್ಟಿ ಕಾರಣವಿತ್ತು. ಅಲ್ಲಿ 100 ಷೇರಿನ ಕಟ್ಟಾಗಿಯೇ ಕೊಳ್ಳಬೇಕು. ಟೊಯೋಟ 10,000 ಯೆನ್ ಆಸುಪಾಸು ಇದ್ದಾಗ ಒಂದು ಕಟ್ಟಿಗೆ ಹತ್ತು ಲಕ್ಷ ಯೆನ್ ಬೇಕಿತ್ತು. 2021ರ ಅಕ್ಟೋಬರ್ 1ರಂದು ಒಂದನ್ನು ಐದು ಮಾಡಿದ ಮೇಲೆ ಎರಡು ಲಕ್ಷಕ್ಕೆ ಸಿಗುವಂತಾಯಿತು. (ಬಿಡದಿಯಲ್ಲಿ ಕಾರು ತಯಾರಿಸುವ ಟೊಯೋಟ ಕಿರ್ಲೋಸ್ಕರ್ ನಮ್ಮ ಪೇಟೆಯಲ್ಲಿ ನೋಂದಣಿಯಾಗಿಲ್ಲ, ಹುಡುಕಬೇಡಿ.) ನಮ್ಮಲ್ಲಿ ಒಂದೊಂದೇ ಷೇರು ಕೊಳ್ಳಬಹುದಾದ್ದರಿಂದ ಆ ಕಾರಣ ಅಷ್ಟು ಬಲವಾಗಿಲ್ಲ.

ಆದರೂ ಉಪಯೋಗ ಇಲ್ಲವೆನ್ನಲಾರೆ, ಅದು ಕೊಳ್ಳುವಾಗಿನದಕ್ಕಿಂತ ಮಾರಿ ಹಣ ಬಿಡಿಸಿಕೊಳ್ಳುವಾಗ ಗೊತ್ತಾಗುತ್ತದೆ. ಐಷರ್ ಒಂದು ಷೇರು 20,000 ಮೀರಿದ್ದಾಗ ಮಗಳ ಶುಲ್ಕಕ್ಕೆ 6,000 ಬೇಕಾದರೂ ಇಡೀ ಷೇರನ್ನೇ ಮಾರಬೇಕಿತ್ತು. ಒಡೆದ ಮೇಲೆ ಮೂರು ಮಾರಿದರೆ ಸಾಕು. ಒಂದೇ ಷೇರನ್ನು ಮೂವರು ಮಕ್ಕಳಿಗೆ ಹಂಚಲಾಗದು, ಹತ್ತಿದ್ದರೆ ಜಗಳ ಉಳಿದ ಒಂದಕ್ಕೆ ಮಾತ್ರ.

ಬೆಂಗಳೂರಿನಲ್ಲಿ ಕುಳಿತು ವಿದೇಶಿ ಕಾರು ಕಂಪನಿಯ ಷೇರು ಹೊಂದಿರುವವರಿಗೆ, ಸಂಬಳದ ಭಾಗವಾಗಿ ಪಡೆದವರಿಗೆ, ಎರಡು ಎಚ್ಚರಿಕೆ. ನಮ್ಮ ಕಾನೂನಿನಲ್ಲಿ ಆ ಷೇರು ದೀರ್ಘಾವಧಿಯದಾಗಲು 24 ತಿಂಗಳು ಬೇಕು. ರಿಟರ್ನ್ಸ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ವಿಭಜನೆಯ ನಂತರ ಷೇರಿನ ಸಂಖ್ಯೆ ಏಕಾಏಕಿ ಮೂರು ಪಟ್ಟಾಗಿದ್ದರೆ, ಏಕೆಂಬುದಕ್ಕೆ ಬ್ರೋಕರ್‌ನ ಪತ್ರ ಕೈಯಲ್ಲಿರಲಿ.

ಇನ್ನು ತಿರುಗುಮುರುಗು ವಿಭಜನೆ. ಹಲವು ಷೇರು ಸೇರಿಸಿ ಒಂದು ಮಾಡುವುದು. ಅಮೆರಿಕದ ವಿದ್ಯುತ್ ಲಾರಿ ಕಂಪನಿ ನಿಕೋಲಾ 2024ರ ಜೂನ್‌ನಲ್ಲಿ 30 ಷೇರು ಸೇರಿಸಿ ಒಂದು ಮಾಡಿತು, 2025ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಸೇರಿಸಿದ್ದರಿಂದ ಮುಳುಗಲಿಲ್ಲ, ಮುಳುಗುತ್ತಿದ್ದದ್ದರಿಂದ ಸೇರಿಸಿತು. ವಿಭಜನೆಯ ಸುದ್ದಿಗೆ ಹಿಗ್ಗಬೇಕಿಲ್ಲ, ಇಂಥದ್ದು ಬಂದಾಗ ಮಾತ್ರ ಆ ಕಂಪನಿಯ ಲೆಕ್ಕಪತ್ರ ತೆರೆದು ಓದಲೇಬೇಕು.

ಹಂತ 8: ಟ್ರಂಕಿನಲ್ಲಿರುವ ಕಾಗದ

ಮಾಸ್ತರರ ಡೈರಿಯ ಕೊನೆಯ ಪುಟದಲ್ಲಿ ಮಡಿಸಿಟ್ಟ ಒಂದು ಷೇರು ಪತ್ರವಿತ್ತು. ಹಳದಿಗಟ್ಟಿದ ಕಾಗದ, ಮೇಲೆ ಟಾಟಾ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿ ಎಂಬ ಹೆಸರು, ಕೆಳಗೆ ಫೋಲಿಯೊ ಸಂಖ್ಯೆ, ಅಂದರೆ ಕಂಪನಿಯ ಪುಸ್ತಕದಲ್ಲಿ ಆ ಷೇರುದಾರರ ಖಾತೆಯ ಸಂಖ್ಯೆ. 2003ರವರೆಗೆ ಟಾಟಾ ಮೋಟಾರ್ಸ್‌ನ ಹೆಸರು ಅದೇ, ಎಲ್ಲರ ಬಾಯಲ್ಲಿ ಟೆಲ್ಕೊ. ಅವರ ಮಾವನವರದಂತೆ. ಮುಖಬೆಲೆ 10 ರೂಪಾಯಿ ಎಂದು ಅಚ್ಚಾಗಿತ್ತು.

ಇಂಥ ಪತ್ರ ಮನೆಯಲ್ಲಿದ್ದರೆ, ಹಳೆಯ ಮುಖಬೆಲೆಯದ್ದು ಎಂಬ ಕಾರಣಕ್ಕೆ ಅದು ರದ್ದಿಯಾಗುವುದಿಲ್ಲ. ವಿಭಜನೆಯ ಷೇರು ಆ ಫೋಲಿಯೊಗೂ ಸಲ್ಲುತ್ತದೆ. ಆದರೆ 2019ರ ಏಪ್ರಿಲ್‌ನಿಂದ ಕಾಗದದ ರೂಪದಲ್ಲಿ ಷೇರು ವರ್ಗಾಯಿಸಲಾಗದು, ಡಿಮ್ಯಾಟ್ ಮಾಡಿಸಬೇಕು. ಮೊದಲು ಷೇರುದಾರರ ದಾಖಲೆ ಇಡುವ ಕಂಪನಿಯ ರಿಜಿಸ್ಟ್ರಾರ್‌ಗೆ ಫೋಲಿಯೊ ಸಂಖ್ಯೆ ಬರೆದು ಈಗ ಎಷ್ಟು ಷೇರು ಇವೆ, ಯಾರ ಹೆಸರಿನಲ್ಲಿವೆ ಎಂದು ಕೇಳಿ. ಷೇರುದಾರರು ಬದುಕಿದ್ದರೆ ಪ್ಯಾನ್, ವಿಳಾಸ, ಬ್ಯಾಂಕ್ ವಿವರ ಮತ್ತು ಸಹಿಯ ದೃಢೀಕರಣ. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆ. ಸತತ ಏಳು ವರ್ಷದ ಲಾಭಾಂಶವನ್ನು ಯಾರೂ ಪಡೆಯದೆ ಉಳಿದಿದ್ದರೆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗಿರುತ್ತವೆ. ಅಲ್ಲಿಂದ ಐಇಪಿಎಫ್-5 ಅರ್ಜಿ ಹಾಕಿ ಮರಳಿ ಪಡೆಯಬಹುದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಶುಲ್ಕವಿಲ್ಲ. ಅದಕ್ಕಾಗಿ ಶೇ 20 ಪಾಲು ಕೇಳುವ ದಲ್ಲಾಳಿಗಳಿಂದ ದೂರವಿರಿ.

ಪತ್ರದ ಎರಡೂ ಬದಿಯ ಜೆರಾಕ್ಸ್ ತೆಗೆಸಿ, ಫೋಲಿಯೊ ಸಂಖ್ಯೆಯನ್ನು ಡೈರಿಯ ಹೊಸ ಪುಟದಲ್ಲಿ ಬರೆದೆವು. ಷೇರಿನ ಸಂಖ್ಯೆ, ದರ, ಒಟ್ಟು ಎಂಬ ಮೂರು ಅಂಕಣಗಳನ್ನು ಖಾಲಿ ಬಿಟ್ಟು, ರಿಜಿಸ್ಟ್ರಾರ್‌ಗೆ ಬರೆದ ಪತ್ರವನ್ನು ಮಾಸ್ತರರು ಮರುದಿನ ಬೆಳಗ್ಗೆ ತಾವೇ ನಡೆದುಕೊಂಡು ಹೋಗಿ ಅಂಚೆಗೆ ಹಾಕಿ ಬಂದರು.